ತಿಲಿಸ್ಮ್, ಯಂತ್ರ ಮತ್ತು ಪ್ರೊಫೆಸರ್ ಅಬ್ದುರ್ರಹ್ಮಾನ್

ಇಂಗ್ಲಿಷ್ ಬಲ್ಲವರಿಗೆ ಉರ್ದು ಕಲಿಸಲೆಂದು ತಯಾರಾದ ಪಠ್ಯಗಳಲ್ಲಿ 'ಎ ಕೋರ್ಸ್ ಇನ್ ಉರ್ದು' ಹೆಸರಾದದ್ದು. ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಇಸ್ಲಾಮಿಕ್ ಅಧ್ಯಯನ ಸಂಸ್ಥೆ 1967ರಲ್ಲಿ ಇದನ್ನು ಹೊರತಂದಿತು. ಇದರ ಮುಖ್ಯ ಲೇಖಕರು ಮುಹಮ್ಮದ್ ಅಬ್ದುರ್ರಹ್ಮಾನ್ ಬಾರ್ಕರ್. ಬಲೂಚಿ ಕಲಿಸುವ ಪುಸ್ತಕ, ಪ್ರಾಚೀನ ಉರ್ದು ಕಾವ್ಯದ ಪಠ್ಯ ಇವೂ ಅವರ ಕೈಯಿಂದ ಬಂದಿವೆ. ಭಾಷಾಶಾಸ್ತ್ರದವರು ಅವರನ್ನು ಬಲ್ಲದ್ದು ಈ ಕೆಲಸಗಳಿಂದ. ಆದರೆ ಇದೇ ಬಾರ್ಕರ್ ಹೆಸರು ಜಗತ್ತಿನ ಇನ್ನೊಂದು ಕೂಟದಲ್ಲಿ ಇದಕ್ಕಿಂತ ಹೆಚ್ಚು ಪರಿಚಿತ. ಅದು ಮೇಜಿನ ಸುತ್ತ ಕುಳಿತು ದಾಳ ಉರುಳಿಸುತ್ತಾ ಕಥೆ ಕಟ್ಟುವವರ ಕೂಟ.

ಈ ಆಟ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಕಾರಣ ಎರಡು ಮಾತು ಹೇಳಬೇಕು. ನಮ್ಮ ಉತ್ತರ ಕನ್ನಡದ ಓದುಗರಿಗೆ ತಾಳಮದ್ದಲೆಯನ್ನು ನೆನಪಿಸಿದರೆ ಅರ್ಧ ವಿವರಣೆ ಮುಗಿದಂತೆ. ವೇಷವಿಲ್ಲ, ರಂಗವಿಲ್ಲ. ಕುಳಿತಲ್ಲೇ ಒಬ್ಬ ಕೃಷ್ಣನಾಗುತ್ತಾನೆ, ಇನ್ನೊಬ್ಬ ಕೌರವನಾಗುತ್ತಾನೆ, ಮಾತು ಆಗಲೇ ಹುಟ್ಟುತ್ತದೆ. ಈ ಆಟದಲ್ಲೂ ಹಾಗೆಯೇ. ಒಬ್ಬ ಕಥೆ ನಡೆಸುವವನು. ಉಳಿದ ನಾಲ್ಕೈದು ಮಂದಿ ತಲಾ ಒಂದು ಪಾತ್ರವಾಗಿ ಮಾತನಾಡುತ್ತಾರೆ. "ಎದುರಿಗೆ ಬಾಗಿಲಿದೆ, ಏನು ಮಾಡುತ್ತೀರಿ?" ಎಂದು ಆತ ಕೇಳುತ್ತಾನೆ. "ಒದೆಯುತ್ತೇನೆ" ಎಂದರೆ ಬಾಗಿಲು ಮುರಿಯಿತೋ ಕಾಲು ಮುರಿಯಿತೋ ಎಂಬುದನ್ನು ದಾಳ ಹೇಳುತ್ತದೆ. ತಾಳಮದ್ದಲೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ಇಂಥ ಆಟ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಅದರ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಮೊದಲ ಸಲ ಅಚ್ಚಾದದ್ದು 1000 ಪೆಟ್ಟಿಗೆ.

ಆ ಪೆಟ್ಟಿಗೆಯೊಳಗಿದ್ದದ್ದು ಕತ್ತಿ, ಗುರಾಣಿ, ಮಾಂತ್ರಿಕರು, ರಾಕ್ಷಸರ ಲೋಕ. ವಿಚಿತ್ರವೆಂದರೆ ಆ ಲೋಕದೊಳಗೆ ಯಂತ್ರಗಳು ನುಗ್ಗಲು ವರ್ಷಗಟ್ಟಲೆ ಕಾಯಬೇಕಾಗಲಿಲ್ಲ. 1975ರಲ್ಲೇ ಆರ್ನೆಸನ್ ಪ್ರಕಟಿಸಿದ ಕಪ್ಪೆ ದೇವಾಲಯದ ಕಥೆಯಲ್ಲಿ ಪೂಜಾರಿಗಳ ಬೆನ್ನ ಹಿಂದೆ ಇದ್ದವರು ಬೇರೊಂದು ಲೋಕದಿಂದ ಬಂದ, ಮುಂದುವರಿದ ಯಂತ್ರಗಳಿದ್ದ ಜನ. 1976ರಲ್ಲಿ ಗೈಗ್ಯಾಕ್ಸ್ ಒಂದು ಸ್ಪರ್ಧೆಗೆಂದು ಬರೆದು 1980ರಲ್ಲಿ ಅಚ್ಚು ಹಾಕಿದ ಇನ್ನೊಂದು ಕಥೆಯಲ್ಲಿ ಗುಹೆಯೆಂದು ಒಳಹೊಕ್ಕರೆ ಅದು ನೆಲಕ್ಕೆ ಅಪ್ಪಳಿಸಿದ ಆಕಾಶನೌಕೆ. ಒಳಗೆ ಯಂತ್ರಮಾನವರು, ಬಾಗಿಲು ತೆರೆಯಲು ಬಣ್ಣದ ಕಾರ್ಡುಗಳು. ಕತ್ತಿ ಹಿಡಿದ ವೀರ ಆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುವುದರಲ್ಲೇ ಆಟದ ರಸವೆಲ್ಲ ಇತ್ತು. ನಮ್ಮ ದೃಷ್ಟಿಗೆ ಮಾಟವಾಗಿ ಕಾಣುವುದು ಅದನ್ನು ಮಾಡಿದವನ ದೃಷ್ಟಿಗೆ ಬರಿಯ ತಂತ್ರವಿರಬಹುದು ಎಂಬ ಅರ್ಥದ ಮಾತೊಂದನ್ನು ಶ್ರೀಲಂಕೆಯಲ್ಲಿ ನೆಲೆಸಿದ್ದ ಆರ್ಥರ್ ಕ್ಲಾರ್ಕ್ ಆಗಲೇ ಹೇಳಿಯಾಗಿತ್ತು. ಹೀಗೆ ವಿಜ್ಞಾನ ಕಥೆ ಮತ್ತು ಅದ್ಭುತ ಕಥೆಗಳನ್ನು ಒಂದೇ ಪಾತ್ರೆಯಲ್ಲಿ ಕಲಸುವುದು ಅಮೆರಿಕನ್ನರ ಹೊಸ ಉಪಾಯವೆಂದು ಆಟದ ಚರಿತ್ರೆ ಬರೆಯುವವರಲ್ಲಿ ಅನೇಕರು ತಿಳಿಯುತ್ತಾರೆ. ಉರ್ದು ಓದಿದವರು ಇಷ್ಟು ಸುಲಭವಾಗಿ ಒಪ್ಪಲಾರರು.

ಉರ್ದುವಿನಲ್ಲಿ 'ಕಲ್' ಎಂದರೆ ನಿನ್ನೆ. 'ಕಲ್' ಎಂದರೆ ನಾಳೆಯೂ ಹೌದು. ಅದೇ ಅಕ್ಷರಗಳಲ್ಲಿ ಬರೆಯುವ ಇನ್ನೊಂದು 'ಕಲ್' ಇದೆ, ಅದರ ಅರ್ಥ ಯಂತ್ರ. 18ನೇ ಶತಮಾನದ ಕೊನೆಯ ಭಾಗದಲ್ಲಿ ಮೀರ್ ಹಸನ್ ಬರೆದ 'ಸಿಹ್ರುಲ್ ಬಯಾನ್' ಎಂಬ ಮಸ್ನವಿಯಲ್ಲಿ ಮಾಹ್‌ರುಖ್ ಎಂಬ ಪರಿ ರಾಜಕುಮಾರ ಬೇನಜೀರ್‌ನನ್ನು ಎತ್ತಿಕೊಂಡು ಹೋಗುತ್ತಾಳೆ. ಅವನಿಗೆ ಬೇಸರವಾಗದಿರಲೆಂದು ತಿರುಗಾಡಲು ಕೊಡುವುದು ಒಂದು 'ಕಲ್ ಕಾ ಘೋಡಾ', ಅಂದರೆ ಯಂತ್ರದ ಕುದುರೆ. ಪರಿಯ ಬಳಿ ಮಾಟಕ್ಕೇನು ಕೊರತೆ? ಆದರೂ ಕವಿ ಅವಳ ಕೈಯಿಂದ ಯಂತ್ರವನ್ನೇ ಕೊಡಿಸಿದ. ಇದರ ಹಿಂದೆ ಅರಬ್ಬೀ ಸಾವಿರದೊಂದು ರಾತ್ರಿಗಳ ಕರಿಮರದ ಕುದುರೆ ಇದೆ. ಅದಕ್ಕೆ ಮೇಲೇರಲು ಒಂದು ತಿರುಪು, ಕೆಳಗಿಳಿಯಲು ಇನ್ನೊಂದು. ಇಳಿಯುವ ತಿರುಪು ಎಲ್ಲಿದೆ ಎಂದು ಕೇಳದೆಯೇ ಹತ್ತಿ ಕುಳಿತ ರಾಜಕುಮಾರನ ಪಾಡನ್ನು ಓದಿದಾಗ, ಹೊಸದಾಗಿ ಮೋಟಾರ್ ಸೈಕಲ್ ಕೊಂಡ ನಮ್ಮ ಹುಡುಗರ ನೆನಪಾಗದೆ ಇರದು.

ಇನ್ನು 'ತಿಲಿಸ್ಮ್' ಎಂಬ ಶಬ್ದ. ಗ್ರೀಕಿನಿಂದ ಅರಬ್ಬಿಗೆ ಬಂದು, ಅಲ್ಲಿಂದ ಉರ್ದುವಿಗೂ ಇಂಗ್ಲಿಷಿನ 'ಟ್ಯಾಲಿಸ್ಮನ್' ಆಗಿ ಅತ್ತಲೂ ಹೋದ ಪದ ಇದು. ದಾಸ್ತಾನ್‌ಗಳಲ್ಲಿ ತಿಲಿಸ್ಮ್ ಎಂದರೆ ಮಾಂತ್ರಿಕನೊಬ್ಬ ಕಟ್ಟಿದ ಇಡೀ ಒಂದು ಲೋಕ. ಅದಕ್ಕೆ ಅದರದೇ ಸೂರ್ಯ, ನದಿ, ಕೋಟೆ, ಕಾವಲು. ಕಟ್ಟಿದ ದಿನವೇ ಅದರ ಆಯುಷ್ಯ ನಿಗದಿಯಾಗಿರುತ್ತದೆ, ಅದನ್ನು ಮುರಿಯುವವನ ಹೆಸರೂ ನಿಗದಿಯಾಗಿರುತ್ತದೆ. 'ಲೌಹ್' ಎಂಬ ಫಲಕವೊಂದು ಎಲ್ಲೋ ಬಚ್ಚಿಟ್ಟಿರುತ್ತದೆ. ಅದನ್ನು ಪಡೆದವನಿಗೆ ಮುಂದಿನ ಹೆಜ್ಜೆ ಏನೆಂದು ಆ ಫಲಕವೇ ತಿಳಿಸುತ್ತದೆ. ಅಂದರೆ ನಿಯಮಗಳಿರುವ, ಬೀಗವಿರುವ, ಬೀಗಕ್ಕೊಂದು ಕೀಲಿಯಿರುವ ಮಾಟ. ಇದನ್ನು ಯಂತ್ರ ಎಂದು ಕರೆದರೆ ತಪ್ಪೇನು?

ಇಂಥ ತಿಲಿಸ್ಮ್‌ಗಳಲ್ಲೆಲ್ಲ ದೊಡ್ಡದು 'ತಿಲಿಸ್ಮೆ ಹೋಶ್‌ರುಬಾ'. ಅಮೀರ್ ಹಮ್ಜಾನ ದಾಸ್ತಾನ್‌ನ ಒಂದು ಭಾಗವಾಗಿ ಲಖ್ನೋದ ದಾಸ್ತಾನ್‌ಗೋಗಳ ಬಾಯಲ್ಲಿ ಬೆಳೆದು, ಮುನ್ಷಿ ನವಲ್ ಕಿಶೋರ್ ಅವರ ಪ್ರೆಸ್ಸಿನಿಂದ 1883 ಮತ್ತು 1893ರ ನಡುವೆ ಏಳು ಸಂಪುಟಗಳಲ್ಲಿ, ಸುಮಾರು 8000 ಪುಟಗಳಲ್ಲಿ ಅಚ್ಚಾಯಿತು. ಮೊದಲ ನಾಲ್ಕನ್ನು ಬರೆದವರು ಮುಹಮ್ಮದ್ ಹುಸೇನ್ ಜಾಹ್, ಉಳಿದವನ್ನು ಅಹ್ಮದ್ ಹುಸೇನ್ ಕಮರ್. ಅಫ್ರಾಸಿಯಾಬ್ ಎಂಬ ಮಾಂತ್ರಿಕ ಚಕ್ರವರ್ತಿಯ ಆ ರಾಜ್ಯದಲ್ಲಿ ಕಾಣುವ ಭಾಗ ಒಂದು, ಕಾಣದ ಭಾಗ ಇನ್ನೊಂದು, ನಡುವೆ ಹರಿಯುವ ರಕ್ತದ ನದಿ, ಅದರ ಮೇಲೆ ಹೊಗೆಯ ಸೇತುವೆ.

ನನಗೆ ಇದರಲ್ಲಿ ಇಷ್ಟವಾದವರು ಮಾಂತ್ರಿಕರಲ್ಲ, ಅಯ್ಯಾರರು. ಅಮರ್ ಅಯ್ಯಾರ್ ಮತ್ತು ಅವನ ಶಿಷ್ಯರ ಆಯುಧಗಳೆಂದರೆ ವೇಷ, ನಾಲಿಗೆ, ಬೇಹೋಶಿಯ ಪುಡಿ ಮತ್ತು ಸಿಡಿಮದ್ದು. ಎದುರಾಳಿ ಬೆಟ್ಟವನ್ನೇ ಎತ್ತಿ ಎಸೆಯಬಲ್ಲ ಮಾಂತ್ರಿಕನಾದರೂ ಸರಿ, ಪಾನ್‌ನಲ್ಲೋ ಶರಾಬಿನಲ್ಲೋ ಬೆರೆಸಿದ ಪುಡಿ ಅವನನ್ನು ಮಲಗಿಸುತ್ತದೆ. ಅಂದರೆ ಒಂದು ಕಡೆ ಮಂತ್ರ, ಇನ್ನೊಂದು ಕಡೆ ರಸಾಯನ. ಅಮರ್‌ನ ಬಳಿ ಹಿರಿಯರ ವರವಾಗಿ ಬಂದ ಜಂಬೀಲ್ ಎಂಬ ಚೀಲವೂ ಇದೆ, ಅದರೊಳಗೆ ಊರುಗಳೇ ಹಿಡಿಸುತ್ತವೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ಹುಡುಗರಿಗೆ ಎಷ್ಟು ತುಂಬಿದರೂ ಮುಗಿಯದ ಒಂದು ಚೀಲ ಗೊತ್ತು. ಅವರು ಅಮರ್‌ನ ಜಂಬೀಲನ್ನು ನೋಡಿದರೆ ತಮ್ಮದು ಬಡವರ ಚೀಲವೆಂದು ನಾಚಿಯಾರು.

ಹೋಶ್‌ರುಬಾದ ನೆರಳಿನಲ್ಲೇ 1888ರಲ್ಲಿ ದೇವಕೀನಂದನ ಖತ್ರಿಯವರ ಹಿಂದಿ ಕಾದಂಬರಿ 'ಚಂದ್ರಕಾಂತಾ' ಬಂತು. ಖತ್ರಿಯವರು ಅಯ್ಯಾರರನ್ನೂ ತಿಲಿಸ್ಮನ್ನೂ ಉಳಿಸಿಕೊಂಡು ಮಾಟವನ್ನು ಪೂರ್ತಿ ಕಿತ್ತೆಸೆದರು. ಅವರ ತಿಲಿಸ್ಮ್‌ನಲ್ಲಿ ಇರುವುದು ಸ್ಪ್ರಿಂಗು, ಚಕ್ರ, ಕಳ್ಳಬಾಗಿಲು, ಮಂಕು ಕವಿಸುವ ಹೊಗೆ. ಈ ಲೇಖಕರ ವೃತ್ತಿ ಏನೆಂದು ತಿಳಿದಾಗ ನನಗೆ ನಗು ಬಂತು. ಅವರು ಕಾಶಿ ಮಹಾರಾಜರ ಕಾಡುಗಳ ಗುತ್ತಿಗೆದಾರರು. ಚಕಿಯಾ, ನೌಗಢದ ಕಾಡುಗಳಲ್ಲಿ ಹಾಳುಬಿದ್ದ ಕೋಟೆಗಳ ನಡುವೆ ಅಲೆದವರು. ದಾಂಡೇಲಿಯಲ್ಲಿ ಬೆಳೆದ ನಮಗೆ ಮರದ ಗುತ್ತಿಗೆದಾರರೆಂದರೆ ತೇಗದ ದಿಮ್ಮಿ, ಡಿಪೋ, ಹರಾಜು ಇಷ್ಟೇ. ಅವರಲ್ಲೊಬ್ಬರು ಕೂತು ಸಾವಿರಾರು ಪುಟ ಬರೆದಾರೆಂದು ಯಾರು ಎಣಿಸಿಯಾರು!

ಈ ಕಥೆಗಳು ಲಖ್ನೋ, ಕಾಶಿಗಳಲ್ಲೇ ಉಳಿಯಲಿಲ್ಲ. ಹಳಿಯಾಳದ ನಮ್ಮ ದಾದಿಮಾಗೆ ಓದು ಬರುತ್ತಿರಲಿಲ್ಲ, ಆದರೆ ಅಮೀರ್ ಹಮ್ಜಾ ಗೊತ್ತಿತ್ತು. ಅವರು ದಾಂಡೇಲಿಯ ನಮ್ಮ ಮನೆಗೆ ಬಂದು ಉಳಿದ ರಾತ್ರಿಗಳಲ್ಲಿ ಕಾಗದದ ಕಾರ್ಖಾನೆಯ ಭೋಂಗಾ ಕೇಳಿಸಿದಾಗಲೆಲ್ಲ ಕಥೆಯಲ್ಲಿ ಒಬ್ಬ ದೇವ್ ಎಚ್ಚರಗೊಳ್ಳುತ್ತಿದ್ದ. ಕಾರ್ಖಾನೆಯ ಕೊಳವೆಯ ಹೊಗೆ ಅವನ ಉಸಿರು. ಬಿದಿರು ತಿಂದು ಬಿಳಿ ಕಾಗದ ಉಗುಳುವ ದೇವ್. "ದಾದಿಮಾ, ಅದು ಮಶಿನ್" ಎಂದರೆ, "ಹಾಂ ಬೇಟಾ, ದೇವ್‌ನನ್ನು ಹಿಡಿದು ಕಟ್ಟಿದ್ದಾರೆ, ಇಲ್ಲದಿದ್ದರೆ ಅಷ್ಟು ಕೆಲಸ ಯಾರು ಮಾಡುತ್ತಾರೆ?" ಎನ್ನುತ್ತಿದ್ದರು. ಇದಕ್ಕೆ ಉತ್ತರ ಕೊಡುವಷ್ಟು ವಿಜ್ಞಾನವನ್ನು ನಮ್ಮ ಶಾಲೆ ಕಲಿಸಿರಲಿಲ್ಲ.

ಕರ್ನಾಟಕದಲ್ಲಿ ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆ ಒಂದು ಕಾಲಕ್ಕೆ ಕಾರವಾರದ ಬಂದರಿನವರೆಗೂ ಚಾಚಿತ್ತು. ಆ ಬಿಜಾಪುರದಲ್ಲಿ ಮೊದಲನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, 1570ರಲ್ಲಿ, 'ನುಜೂಮುಲ್ ಉಲೂಮ್' ಎಂಬ ಸಚಿತ್ರ ಹಸ್ತಪ್ರತಿ ಸಿದ್ಧವಾಯಿತು. ಹೆಸರಿನ ಅರ್ಥ ವಿದ್ಯೆಗಳ ನಕ್ಷತ್ರಗಳು. ಈಗ ಅದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಗ್ರಹಗತಿ, ಆನೆ ಕುದುರೆಗಳ ಲಕ್ಷಣ, ಆಯುಧಗಳ ವಿವರ, ತಿಲಿಸ್ಮ್‌ಗಳು, ಕರೆದರೆ ಬರುವ ಶಕ್ತಿದೇವತೆಗಳು ಎಲ್ಲವೂ ಒಂದೇ ಪುಸ್ತಕದಲ್ಲಿವೆ. ಅರಬ್ಬಿ ಪಾರಸಿ ಶಾಸ್ತ್ರದ ಪಕ್ಕದಲ್ಲೇ ಇಲ್ಲಿನ ಶಾಸ್ತ್ರ. ಇದು ವಿಜ್ಞಾನ, ಇದು ಮಾಟ ಎಂದು ಅವರು ಗೆರೆ ಎಳೆಯಲಿಲ್ಲ. ಆಡುವ ಹಲಗೆಯ ಮೇಲೆಯೇ ಈ ಬೆರಕೆಯನ್ನು ತಂದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗ 'ಕೌತುಕನಿಧಿ' ಆಟಗಳಿಗೇ ಮೀಸಲು. ಮೊಗಲರ ಮೂಲಕ ಬಂದ 96 ಎಲೆಗಳ ಗಂಜೀಫಾವನ್ನು ಬೆಳೆಸಿ 320 ಎಲೆಗಳ ಚಾಮುಂಡೇಶ್ವರಿ ಛಾಡ್‌ನಂಥ ಆಟಗಳನ್ನು ಅವರು ರೂಪಿಸಿದರು. ಅದನ್ನು ಆಡಿ ಮುಗಿಸುವಷ್ಟು ಬಿಡುವು ಅರಸರಿಗೆ ಮಾತ್ರ ಇದ್ದೀತು.

ಬಾರ್ಕರ್ ಅವರ ಕೆಲಸವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರು ಹುಟ್ಟಿದ್ದು 1929ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ. ತಂದೆ ತಾಯಿ ಇಟ್ಟ ಹೆಸರು ಫಿಲಿಪ್. 1951ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಭಾರತಕ್ಕೆ ಬಂದರು, ಇಲ್ಲಿಯೇ ಇಸ್ಲಾಮ್ ಸ್ವೀಕರಿಸಿದರು. ಅಮೆರಿಕದ ಮೂಲನಿವಾಸಿಗಳ ಕ್ಲಾಮತ್ ಭಾಷೆಯ ಮೇಲೆ ಡಾಕ್ಟರೇಟ್ ಮಾಡಿ, ಮೆಕ್‌ಗಿಲ್‌ನಲ್ಲಿ ಕಲಿಸಿ, ಲಾಹೋರಿನಲ್ಲಿ ಕೆಲವು ಕಾಲವಿದ್ದು, 1972ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾನಿಲಯಕ್ಕೆ ದಕ್ಷಿಣ ಏಷ್ಯಾ ವಿಭಾಗದ ಪ್ರೊಫೆಸರ್ ಆಗಿ ಬಂದರು. ಆರ್ನೆಸನ್ ಮತ್ತವರ ಗೆಳೆಯರು ಆಟವಾಡುತ್ತಿದ್ದ ಊರೂ ಅದೇ. ಬಾಲ್ಯದಿಂದ ಮನಸ್ಸಿನಲ್ಲಿ ಕಟ್ಟುತ್ತಾ ಬಂದಿದ್ದ 'ಟೆಕುಮೆಲ್' ಎಂಬ ಲೋಕಕ್ಕೆ ಹೊಸ ಆಟದ ನಿಯಮಗಳನ್ನು ಹೊಂದಿಸಿ, 1974ರಲ್ಲಿ ಸ್ವಂತ ಖರ್ಚಿನಿಂದ ಕೆಲವು ಪ್ರತಿ ಮಾಡಿದರು. ಮರುವರ್ಷ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪ್ರಕಾಶಕರೇ ಅದನ್ನು 'ಎಂಪೈರ್ ಆಫ್ ದಿ ಪೆಟಲ್ ಥ್ರೋನ್' ಎಂಬ ಹೆಸರಿನಲ್ಲಿ ಹೊರತಂದರು. ಇಡೀ ಒಂದು ಲೋಕದ ಚರಿತ್ರೆ, ಭಾಷೆ, ರೀತಿ ರಿವಾಜುಗಳೊಂದಿಗೆ ಅಚ್ಚಾದ ಮೊದಲ ಆಟ ಅದು. ಆರ್ನೆಸನ್ ಸ್ವತಃ ಬಾರ್ಕರ್ ಅವರ ಆಟಕ್ಕೆ ಕೂರುತ್ತಿದ್ದರು.

ಟೆಕುಮೆಲ್‌ನ ಕಥೆ ಹೀಗಿದೆ. ಬಹಳ ದೂರದ ಭವಿಷ್ಯದಲ್ಲಿ ಮನುಷ್ಯರು ನೌಕೆಗಳಲ್ಲಿ ಒಂದು ಗ್ರಹಕ್ಕೆ ಬಂದು, ಅದರ ಗಾಳಿ ನೆಲವನ್ನೆಲ್ಲ ತಮಗೆ ಬೇಕಾದಂತೆ ಬದಲಿಸುತ್ತಾರೆ. ಅಲ್ಲಿಯೇ ಹುಟ್ಟಿ ಬೆಳೆದ ಸ್ಸು ಮತ್ತು ಹ್ಲೂಸ್ ಎಂಬ ಜೀವಿಗಳನ್ನು ಅಷ್ಟಿಷ್ಟು ಜಾಗಕ್ಕೆ ಅಟ್ಟುತ್ತಾರೆ. ಒಂದು ದಿನ ಆ ಸೂರ್ಯಮಂಡಲವೇ ನಮ್ಮ ವಿಶ್ವದಿಂದ ಕಳಚಿ ಬೇರೊಂದು ಕಿರುವಿಶ್ವದೊಳಗೆ ಬೀಳುತ್ತದೆ. ಆಕಾಶದಲ್ಲಿ ನಕ್ಷತ್ರಗಳಿಲ್ಲ, ಬಿಡಿಭಾಗ ತರುವ ನೌಕೆಗಳಿಲ್ಲ, ಗ್ರಹದಲ್ಲಿ ಕಬ್ಬಿಣವೂ ಅಪರೂಪ. ಯಂತ್ರಗಳು ಒಂದೊಂದಾಗಿ ಕೆಡುತ್ತವೆ. ಸಾವಿರಾರು ವರ್ಷಗಳ ಬಳಿಕ ಉಳಿದವರು ಪ್ರಾಣಿಯ ಚರ್ಮದ ಕವಚ ತೊಟ್ಟು ಯುದ್ಧ ಮಾಡುತ್ತಾರೆ. ನೆಲದಡಿಯಲ್ಲಿ ಸಿಗುವ ಗುಂಡಿ ಒತ್ತುವ ಸಾಧನಗಳನ್ನು 'ಕಣ್ಣು'ಗಳೆಂದು ಕರೆದು ಮಾಂತ್ರಿಕ ವಸ್ತುಗಳಂತೆ ಕಾಪಿಡುತ್ತಾರೆ. ಪುರಾತನರ ಸುರಂಗ ವಾಹನಗಳು ಕೆಲವು ಕಡೆ ಇನ್ನೂ ಓಡುತ್ತವೆ. ಅವು ಹೇಗೆ ಓಡುತ್ತವೆಂದು ಯಾರಿಗೂ ಗೊತ್ತಿಲ್ಲ. ನಿಜವಾದ ಮಾಟವೂ ಅಲ್ಲಿದೆ. ವಿಶ್ವ ಹರಿದ ಜಾಗದಿಂದ ಶಕ್ತಿ ಎಳೆದುಕೊಳ್ಳುವ ವಿದ್ಯೆ ಅದು. ಹೀಗೆ ಗೈಗ್ಯಾಕ್ಸ್ ಒಂದು ಗುಹೆಗೆ ಮಾಡಿದ್ದನ್ನು ಬಾರ್ಕರ್ ಇಡೀ ಲೋಕಕ್ಕೆ, ಅವರಿಗಿಂತ ಮೊದಲೇ, ಕಾರಣ ಸಮೇತ ಮಾಡಿದ್ದರು.

ಅಲ್ಲಿನ ಭಾಷೆ ತ್ಸೋಲ್ಯಾನಿ. ಉರ್ದು, ಪಷ್ತೋ, ಮೆಕ್ಸಿಕೋದ ಮಾಯಾ ಮತ್ತು ನಾಹುವಾಟ್ಲ್ ಭಾಷೆಗಳ ಛಾಯೆ ಅದರಲ್ಲಿದೆ. ಲಿಪಿ ನಮ್ಮ ಉರ್ದುವಿನಂತೆ ಬಲದಿಂದ ಎಡಕ್ಕೆ. ಅಲ್ಲಿ ದೇವತೆಗಳೆಂದು ಪೂಜೆಗೊಳ್ಳುವವರು ಬೇರೆ ಆಯಾಮಗಳ ಬಲಿಷ್ಠ ಜೀವಿಗಳು, ಸೃಷ್ಟಿಕರ್ತರಲ್ಲ. ಹಮ್ಜಾನ ದಾಸ್ತಾನ್‌ನಲ್ಲಿ ತಾನೇ ದೇವರೆಂದು ಮೆರೆಯುವ ದೈತ್ಯ ಲಕಾ ನೆನಪಾಗುತ್ತಾನೆ. ಅಲ್ಲಿನ ನಗರಗಳನ್ನು 500 ವರ್ಷಗಳಿಗೊಮ್ಮೆ ಕೆಡವಿ ಅದರ ಮೇಲೆಯೇ ಹೊಸದನ್ನು ಕಟ್ಟುವ ಪದ್ಧತಿ ಇದೆ. ಹಾಗಾಗಿ ಪ್ರತಿ ನಗರದಡಿ ಒಂದು ಕತ್ತಲ ನಗರ. ಇದನ್ನು ಓದುವಾಗ ಜೋಯಿಡಾ ತಾಲೂಕಿನವರಿಗೆ ಸೂಪಾ ನೆನಪಾಗದೆ ಇರುತ್ತದೆಯೇ? ಕಾಳಿ ನದಿಗೆ ಅಣೆಕಟ್ಟು ಬಂದು ಸೂಪಾ ಎಂಬ ತಾಲೂಕು ಊರೇ ನೀರಡಿಗೆ ಹೋಯಿತು. ಕಚೇರಿ ಜೋಯಿಡಾಕ್ಕೆ ಬಂತು, ಜನರಲ್ಲಿ ಹಲವರು ರಾಮನಗರಕ್ಕೆ ಬಂದರು. ಅದೇ ನದಿಯ ಕೆಳಗೆ ಕೈಗಾದಲ್ಲಿ 2000ದಿಂದ ಅಣು ವಿದ್ಯುತ್ ತಯಾರಾಗುತ್ತಿದೆ. ಮೇಲಿನ ಕಾಡಿನಲ್ಲಿ ಹಿರಿಯರ ಆತ್ಮಗಳಿಗೆ ತೆಂಗಿನಕಾಯಿ ಒಡೆಯುವುದೂ ನಿಂತಿಲ್ಲ. ನಮ್ಮ ಕಣಿವೆಗೆ ಬೆರಕೆಯ ಲೋಕವನ್ನು ಯಾರೂ ಹೊರಗಿನಿಂದ ತರಬೇಕಾಗಿಲ್ಲ.

ಆಟ ಆರಂಭವಾಗುವ ಬಗೆಯೂ ಗಮನಿಸಬೇಕಾದದ್ದು. ಆಡುವವರು ವೀರರಾಗಿ ಬರುವುದಿಲ್ಲ. ಹೊರದೇಶದ ಅನಾಗರಿಕರಾಗಿ ದೋಣಿಯಿಂದ ಜಕಾಲ್ಲಾ ಎಂಬ ಬಂದರಿನಲ್ಲಿ ಇಳಿಯುತ್ತಾರೆ. ಪರದೇಶಿಗಳ ಕೇರಿಯಲ್ಲೇ ಇರಬೇಕು. ಯಾರಿಗೆ ಹೇಗೆ ಸಲಾಮು ಮಾಡಬೇಕು, ಯಾರನ್ನು ಯಾವ ಸರ್ವನಾಮದಿಂದ ಕರೆಯಬೇಕು ಎಂಬುದು ತಪ್ಪಿದರೆ ತಲೆಗೇ ಅಪಾಯ. 1966ರಿಂದ ಮುಂಡಗೋಡದ ಬಯಲಿನಲ್ಲಿ ನೆಲೆ ಕಂಡುಕೊಂಡ ಟಿಬೆಟಿನ ಹಿರಿಯರಿಗೆ ಇದನ್ನು ವಿವರಿಸುವ ಅಗತ್ಯ ಬೀಳದು. ಬಾಡಿಗೆ ಮನೆ ಹುಡುಕುತ್ತಾ ಹೆಸರು ಹೇಳಿದ ಕೂಡಲೇ ಬಾಗಿಲು ಮುಚ್ಚಿಸಿಕೊಂಡ ನಮ್ಮ ಹುಡುಗರಿಗೂ ಬೀಳದು. ಟೆಕುಮೆಲ್‌ನ ಬಗ್ಗೆ ಮೊದಲು ಓದಿದಾಗ ನನಗೆ ಹೆಮ್ಮೆಯೆನಿಸಿತ್ತು. ಅಬ್ದುರ್ರಹ್ಮಾನ್ ಎಂಬ ಹೆಸರಿನವರೊಬ್ಬರು, ಉರ್ದು ಮೇಷ್ಟ್ರು, ಇಂಥದ್ದೊಂದು ಲೋಕ ಕಟ್ಟಿದ್ದಾರೆಂದು.

ಬಾರ್ಕರ್ 2012ರಲ್ಲಿ ತೀರಿಕೊಂಡರು. ಅವರ ಕೃತಿಗಳ ಹೊಣೆ ಹೊತ್ತ ಟೆಕುಮೆಲ್ ಫೌಂಡೇಶನ್ 2022ರಲ್ಲಿ ಒಂದು ವಿಷಯವನ್ನು ಒಪ್ಪಿಕೊಂಡಿತು. 1991ರಲ್ಲಿ ರ್ಯಾಂಡಾಲ್ಫ್ ಕ್ಯಾಲ್ವರ್‌ಹಾಲ್ ಎಂಬ ಹೆಸರಿನಲ್ಲಿ ಬಂದಿದ್ದ 'ಸರ್ಪೆಂಟ್ಸ್ ವಾಕ್' ಎಂಬ ಕಾದಂಬರಿಯನ್ನು ಬರೆದವರು ಬಾರ್ಕರ್ ಅವರೇ. ಅದೂ ವಿಜ್ಞಾನ ಕಥೆಯೇ. ಹಿಟ್ಲರನ ಎಸ್‌ಎಸ್ ಪಡೆಯ ವಾರಸುದಾರರು ನೂರು ವರ್ಷ ತೆರೆಮರೆಯಲ್ಲಿದ್ದು, ಪತ್ರಿಕೆ ಉದ್ದಿಮೆಗಳನ್ನು ಕೊಂಡು ಮೇಲೇಳುವ ಕಥೆ. ಅವರೇ ಅದರ ನಾಯಕರು. ಪ್ರಕಟಿಸಿದ್ದು ಅಮೆರಿಕದ ಬಿಳಿಯ ಜನಾಂಗವಾದಿಗಳ ಪ್ರಕಾಶನ. ಸಾಲದ್ದಕ್ಕೆ, ಯಹೂದಿಗಳ ನರಮೇಧ ನಡೆದೇ ಇಲ್ಲವೆಂದು ವಾದಿಸುವ ಪತ್ರಿಕೆಯೊಂದರ ಸಲಹಾ ಮಂಡಳಿಯಲ್ಲಿ 1990ರ ದಶಕದಲ್ಲಿ ಅವರ ಹೆಸರಿತ್ತು.

ಇಲ್ಲಿ ನಮ್ಮವರೊಂದಿಗೆ ನೇರವಾಗಿ ಮಾತನಾಡಬೇಕು. ಫೆಲೆಸ್ತೀನಿನ ನೋವನ್ನು ನೆಪ ಮಾಡಿಕೊಂಡು, ಹಿಟ್ಲರನ ಮಾತು ಬಂದಾಗ ಮೀಸೆಯಡಿ ನಗುವವರು ನಮ್ಮಲ್ಲಿ ಇಲ್ಲವೆನ್ನಲಾರೆ. ಚಹದಂಗಡಿಯಲ್ಲೂ ಕೇಳಿದ್ದೇನೆ, ಓದಿದವರ ಬಾಯಲ್ಲೂ ಕೇಳಿದ್ದೇನೆ. ಫೆಲೆಸ್ತೀನಿನ ಮಕ್ಕಳ ಹಕ್ಕು ಯೂರೋಪಿನ ಯಹೂದಿ ಮಕ್ಕಳ ಸಾವನ್ನು ಸುಳ್ಳೆನ್ನುವುದರ ಮೇಲೆ ನಿಂತಿಲ್ಲ. ಆ ಸಿದ್ಧಾಂತದ ಏಣಿಯಲ್ಲಿ ಹಳಿಯಾಳದ ಸಿದ್ದಿಗೆ ಯಾವ ಮೆಟ್ಟಿಲು, ನಮಗೆ ಯಾವ ಮೆಟ್ಟಿಲು ಎಂದು ಕೇಳಿಕೊಂಡರೂ ಸಾಕಿತ್ತು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯಾದ ಸಿದ್ದಿಗಳಲ್ಲಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ. ಪರಿಶಿಷ್ಟ ಪಂಗಡವೆಂದು ಬರೆಸಿಕೊಳ್ಳಲು ಅವರು 2003ರವರೆಗೆ ಕಾಯಬೇಕಾಯಿತು. ಅಂಥ ಪ್ರಕಾಶನದ ಪುಸ್ತಕದ ಮೇಲೆ ಅಬ್ದುರ್ರಹ್ಮಾನ್ ಎಂಬ ಹೆಸರು ಹೊಂದುತ್ತಿತ್ತೇ ಎಂದೂ ನಾನು ಯೋಚಿಸಿದ್ದುಂಟು. ಬಚ್ಚಿಟ್ಟ ಹೆಸರೇ ಉತ್ತರ ಕೊಡುತ್ತದೆ.

ಹಾಗಾದರೆ ಟೆಕುಮೆಲ್ ಅನ್ನು ಬಾವಿಗೆ ಎಸೆಯಬೇಕೇ? ಕೆಲವರು ಎಸೆದರು, ಅವರನ್ನು ತಪ್ಪೆನ್ನಲಾರೆ. ನನಗೆ ಕಾಡುವುದು ಸ್ಸುಗಳ ವಿಷಯ. ಮನುಷ್ಯರು ಆ ಗ್ರಹವನ್ನು ಕಸಿದುಕೊಂಡರು, ಅಲ್ಲಿಯವರನ್ನು ಬೇಲಿಯೊಳಗೆ ಕೂಡಿದರು ಎಂದು ಆ ಲೋಕದ ಚರಿತ್ರೆಯಲ್ಲಿ ಬರೆದವರು, ಕ್ಲಾಮತ್ ಜನರ ಭಾಷೆಯನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡವರು ಮತ್ತು ಆ ಕಾದಂಬರಿ ಬರೆದವರು ಒಬ್ಬರೇ ಎಂಬುದನ್ನು ಎಷ್ಟು ಸಲ ಯೋಚಿಸಿದರೂ ನನ್ನ ಮನಸ್ಸು ಹೊಂದಿಸಿಕೊಳ್ಳುವುದಿಲ್ಲ. ಪ್ರತಿಭೆಯಿದ್ದವರೆಲ್ಲ ಸಜ್ಜನರೆಂಬ ಭ್ರಮೆ ಕಥೆಗಾರರಾದ ನಮಗೆ ಮೊದಲೇ ಇರಬಾರದಿತ್ತು. ಅವರ ಹೆಸರು ಹೇಳುವಾಗ ಎರಡೂ ಪುಸ್ತಕಗಳನ್ನು ಹೇಳಬೇಕು, ಅಷ್ಟು ಮಾತ್ರ ನನಗೆ ಖಚಿತ.

ದಾಸ್ತಾನ್‌ಗೆ ಒಬ್ಬ ಒಡೆಯನಿರಲಿಲ್ಲ. ಹೋಶ್‌ರುಬಾವನ್ನು ಮೀರ್ ಅಹ್ಮದ್ ಅಲಿ ಹೇಳಿದರು, ಅಂಬಾ ಪ್ರಸಾದ್ ರಸಾ ಹೇಳಿದರು, ಜಾಹ್ ಬರೆದರು. ಜಾಹ್ ನಡುವೆ ಬಿಟ್ಟಾಗ ಕಮರ್ ಮುಂದುವರಿಸಿದರು. ಹಿಂದಿನವರು ಹೇಳಿದಂತೆಯೇ ಹೇಳಬೇಕೆಂದು ಯಾರೂ ಯಾರನ್ನೂ ಕಟ್ಟಿಹಾಕಲಿಲ್ಲ. ಮೇಜಿನ ಆಟವೂ ಹಾಗೆಯೇ. ಪುಸ್ತಕ ಅಚ್ಚಾದ ಮೇಲೆ ಕಥೆ ನಡೆಸುವವನದೇ ಕಾರುಬಾರು. ಜಕಾಲ್ಲಾದ ಬಂದರಿನಲ್ಲಿ ದೋಣಿಯಿಂದ ಇಳಿದವರು ಚಕ್ರವರ್ತಿಯ ಸೈನ್ಯಕ್ಕೆ ಸೇರುವ ಬದಲು ಬೇಲಿ ದಾಟಿ ಸ್ಸುಗಳ ಕಡೆಗೆ ಹೋಗುತ್ತೇವೆಂದರೆ, ಆತ ಬೇಡವೆನ್ನುವಂತಿಲ್ಲ. ದಾಳ ಹಾಕಿ ಎನ್ನಬೇಕಾಗುತ್ತದೆ.